ನಲವತ್ತೈದು ದಾಟಿದ ಮೇಲೆ ಗಂಡಸರಿಗೆ ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ, ಗಟ್ಟಿ ಆಗ್ತಿಲ್ಲ ಅಂದ್ರೆ ಮೊದಲು ಏನ್ ಮಾಡ್ಬೇಕು, ಟೆಸ್ಟೋಸ್ಟೆರಾನ್ ಟೆಸ್ಟ್ ಹೇಗೆ ಮಾಡಿಸ್ಬೇಕು

ನಮ್ದು ಮೆಡಿಕಲ್ ಶಾಪು, ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕಕ್ಕೇ ಇದೆ. ಕೌಂಟರ್ ಹಿಂದೆ ನಿಂತು 22 ವರ್ಷ ಆಯ್ತು. ರಾತ್ರಿ ಒಂಬತ್ತರ ಮೇಲೆ ಶಟರ್ ಅರ್ಧ ಎಳೆಯೋ ಹೊತ್ತಿಗೆ ಯಾರಾದ್ರೂ ಒಬ್ರು ಬಂದು ನಿಲ್ತಾರೆ, ಪಕ್ಕದಲ್ಲಿರೋರು ಹೋಗೋ ತನಕ ಜ್ವರದ ಮಾತ್ರೆ ಕೊಡಿ, ವಿಕ್ಸ್ ಕೊಡಿ ಅಂತ ಅದೂ ಇದೂ ತಗೋತಾರೆ, ಆಮೇಲೆ ಮೆಲ್ಲಗೆ ಬಗ್ಗಿ "ಅಣ್ಣ, ಶಕ್ತಿಗೆ ಏನಾದ್ರೂ ಇದ್ಯಾ" ಅಂತಾರೆ. ಈಗ ಕೆಲವು ವರ್ಷದಿಂದ ಮಾತು ಸ್ವಲ್ಪ ಬದಲಾಗಿದೆ, ಫೋನಲ್ಲಿ ವಿಡಿಯೋ ನೋಡ್ಕೊಂಡು ಬಂದು "ನಂಗೆ ಟೆಸ್ಟೋಸ್ಟೆರಾನ್ ಕಮ್ಮಿ ಆಗಿದೆ, ಇಂಜೆಕ್ಷನ್ ಇದ್ರೆ ಕೊಡಿ" ಅಂತ ನೇರವಾಗಿ ಕೇಳ್ತಾರೆ. ಟೆಸ್ಟೋಸ್ಟೆರಾನ್ ಅಂದ್ರೆ ಗಂಡಸರ ಹಾರ್ಮೋನು. ಯಾರು ಹೇಳಿದ್ರು ಕಮ್ಮಿ ಆಗಿದೆ ಅಂತ ಅಂದ್ರೆ ಯಾರೂ ಹೇಳಿಲ್ಲ, ಅವ್ರೇ ಅಂದ್ಕೊಂಡಿರೋದು. ನಾನು ಫಾರ್ಮಸಿಸ್ಟು, ಡಾಕ್ಟ್ರಲ್ಲ, ಟ್ರೀಟ್‌ಮೆಂಟ್ ಕೊಡೋದು ನನ್ ಕೆಲಸ ಅಲ್ಲ, ಆದ್ರೆ ಡಾಕ್ಟ್ರ ಹತ್ರ ಹೋಗೋಕೆ ಮುಂಚೆ ಮನೇಲಿ ಏನ್ ಗಮನಿಸ್ಬೇಕು, ಯಾವ ಟೆಸ್ಟ್ ಯಾವ ಹೊತ್ತಲ್ಲಿ, ಯಾವ ಮಾತ್ರೆ ಯಾರು ಮುಟ್ಟಬಾರದು, ಇಷ್ಟನ್ನ ಬರೀತೀನಿ, ಯಾಕಂದ್ರೆ ಕೌಂಟರ್‌ನಲ್ಲಿ ಎರಡು ನಿಮಿಷದಲ್ಲಿ ಇದನ್ನ ಹೇಳೋಕೆ ಆಗಲ್ಲ, ಕೇಳೋರಿಗೂ ನಿಂತು ಕೇಳೋ ಧೈರ್ಯ ಇರಲ್ಲ.

ಮೊದಲು ಒಂದು ಲೆಕ್ಕ ನೋಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನ ಕೇಳಿ 1994ರಲ್ಲಿ ಪ್ರಕಟ ಮಾಡಿದ ಸ್ಟಡಿ ಪ್ರಕಾರ ನೂರಕ್ಕೆ 52 ಜನಕ್ಕೆ ಸ್ವಲ್ಪವೋ ಜಾಸ್ತಿಯೋ ನಿಮಿರುವಿಕೆ ತೊಂದರೆ ಇತ್ತು. ಯುರೋಪಿನಲ್ಲಿ 40ರಿಂದ 79 ವರ್ಷದವರ ಮೇಲೆ ಮಾಡಿ 2010ರಲ್ಲಿ ಬಂದ ಇನ್ನೊಂದು ಸ್ಟಡಿಯಲ್ಲಿ, ಲಕ್ಷಣಾನೂ ಇದ್ದು ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕೂಡ ನಿಜವಾಗ್ಲೂ ಕಮ್ಮಿ ಇದ್ದೋರು ನೂರಕ್ಕೆ ಬರೀ 2.1. ಎರಡೂ ಬೇರೆ ಬೇರೆ ಜನ, ಅಳೆದ ರೀತಿನೂ ಬೇರೆ, ಸರಿ, ಆದ್ರೂ 52 ಎಲ್ಲಿ 2 ಎಲ್ಲಿ. ಅಂದ್ರೆ ಈ ತೊಂದರೆ ಇರೋ ಬಹಳಷ್ಟು ಜನಕ್ಕೆ ಕಾರಣ ಆ ಹಾರ್ಮೋನ್ ಅಲ್ಲ. ವಯಸ್ಸಾದಂಗೆ ಅದು ವರ್ಷಕ್ಕೆ ನೂರಕ್ಕೆ ಒಂದರಷ್ಟು ಇಳಿಯೋದು ನಿಜ, ಆದ್ರೆ ಆ ಇಳಿತದಿಂದಲೇ 48ನೇ ವಯಸ್ಸಿಗೆ ಎಲ್ಲಾ ನಿಂತೋಗುತ್ತೆ ಅನ್ನೋದು ಸುಳ್ಳು.

ಹಾಗಾದ್ರೆ ಏನು ಕಾರಣ? ಒಳಗೆ ಏನಾಗುತ್ತೆ ಅಂತ ಗೊತ್ತಾದ್ರೆ ಅರ್ಧ ಗೊಂದಲ ಹೋಗುತ್ತೆ. ಮನಸ್ಸಲ್ಲಿ ಆಸೆ ಬಂದಾಗ ನರಗಳಿಗೆ ಸುದ್ದಿ ಹೋಗುತ್ತೆ, ಅಲ್ಲಿನ ರಕ್ತನಾಳದ ಒಳಗೋಡೆಯಿಂದ ನೈಟ್ರಿಕ್ ಆಕ್ಸೈಡ್ ಅನ್ನೋದು ಬಿಡುಗಡೆ ಆಗುತ್ತೆ, ಅದು ಸುತ್ತಲಿನ ಸ್ನಾಯುವನ್ನ ಸಡಿಲ ಮಾಡುತ್ತೆ, ರಕ್ತ ನುಗ್ಗಿ ತುಂಬ್ಕೊಳ್ಳುತ್ತೆ, ತುಂಬಿದ ರಕ್ತ ವಾಪಸ್ ಹೋಗದಂಗೆ ದಾರಿ ಒತ್ತಿಹೋಗುತ್ತೆ. ಅಂದ್ರೆ ಗಟ್ಟಿಯಾಗೋದು ಮುಖ್ಯವಾಗಿ ರಕ್ತ ಓಡಾಟದ ಕೆಲಸ. ಟೆಸ್ಟೋಸ್ಟೆರಾನ್ ಹೆಚ್ಚಾಗಿ ನೋಡ್ಕೊಳ್ಳೋದು ಆಸೆಯನ್ನ. ಇಷ್ಟು ಒಂದು ವ್ಯತ್ಯಾಸ ತಲೇಲಿಟ್ಕೊಳಿ.

ಈಗ ಒಂದು ವಾರ ನಿಮ್ಮನ್ನ ನೀವೇ ಗಮನಿಸಿ. ಆಸೆಯೇ ಬರ್ತಿಲ್ವಾ, ಅಥವಾ ಆಸೆ ಬರುತ್ತೆ ಆದ್ರೆ ಗಟ್ಟಿಯಾಗಲ್ವಾ, ಗಟ್ಟಿಯಾಗಿ ಮಧ್ಯದಲ್ಲಿ ಇಳಿದು ಹೋಗುತ್ತಾ? ಬೆಳಗ್ಗೆ ಎದ್ದಾಗ ತಾನಾಗೇ ಗಟ್ಟಿಯಾಗಿರುತ್ತಲ್ಲ, ಅದು ಈಗ್ಲೂ ಇದ್ಯಾ? ಬೆಳಗ್ಗೆ ಚೆನ್ನಾಗೇ ಆಗುತ್ತೆ, ಹೆಂಡ್ತಿ ಜೊತೆ ಮಾತ್ರ ಆಗಲ್ಲ, ಅದೂ ಇದ್ದಕ್ಕಿದ್ದಂಗೆ ಶುರುವಾಗಿದ್ದು ಅಂದ್ರೆ ನರ ನಾಳ ಬಹುಪಾಲು ಸರಿಯಾಗೇ ಇದೆ, ಟೆನ್ಷನ್ನು, ಸಾಲ, ಮನೆ ಜಗಳ, "ಈ ಸಲಾನೂ ಆಗ್ಲಿಲ್ಲ ಅಂದ್ರೆ" ಅನ್ನೋ ಭಯ, ಇಂಥದ್ದು ಇರ್ಬಹುದು. ಬೆಳಗ್ಗೆದೂ ನಿಂತುಹೋಗಿದೆ, ಆರು ತಿಂಗಳು ವರ್ಷದಿಂದ ನಿಧಾನಕ್ಕೆ ಕಮ್ಮಿ ಆಗ್ತಾ ಬಂದಿದೆ ಅಂದ್ರೆ ದೇಹದಲ್ಲೇ ಏನೋ ಇದೆ, ಮೊದಲ ಅನುಮಾನ ರಕ್ತನಾಳದ ಮೇಲೆ. ಆಸೆಯೂ ಇಲ್ಲ, ಬೆಳಗ್ಗೆದೂ ಇಲ್ಲ, ಸುಸ್ತು, ಶೇವಿಂಗ್ ಮಾಡೋ ದಿನಗಳ ಅಂತರ ಜಾಸ್ತಿಯಾಗ್ತಿದೆ, ಎದೆ ಭಾಗ ಊದಿಕೊಂಡಂಗಿದೆ ಅಂದ್ರೆ ಆಗ ಹಾರ್ಮೋನ್ ಕಡೆ ನೋಡ್ಬೇಕು. ಒಂದೆರಡು ಸಲ ಆಗ್ಲಿಲ್ಲ ಅಂದ್ರೆ ಅದು ಕಾಯಿಲೆ ಅಲ್ಲ, ಸುಸ್ತಾಗಿರುತ್ತೆ, ಕುಡಿದಿರ್ತೀರ, ಎಲ್ಲರಿಗೂ ಆಗುತ್ತೆ. ಮೂರು ತಿಂಗಳಾದ್ರೂ ಹಾಗೇ ಇದ್ರೆ ತೋರಿಸ್ಬೇಕು.

ಇಲ್ಲಿ ಒಂದು ವಿಷಯ ಸ್ವಲ್ಪ ನಿಂತು ಓದಿ, ಇದಕ್ಕೋಸ್ಕರಾನೇ ನಾನು ಇಷ್ಟು ಬರೀತಿರೋದು. ಆ ಜಾಗದ ರಕ್ತನಾಳ ಒಂದರಿಂದ ಎರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರರಿಂದ ನಾಲ್ಕು. ಕೊಬ್ಬು ಕಟ್ಟೋದು ಎಲ್ಲಾ ಕಡೆ ಒಟ್ಟಿಗೇ ಶುರುವಾದ್ರೂ ಸಣ್ಣ ಪೈಪು ಮೊದಲು ಕಟ್ಕೊಳ್ಳುತ್ತೆ. ತೋಟಕ್ಕೆ ಡ್ರಿಪ್ ಹಾಕಿಸಿರೋರಿಗೆ ಇದು ಗೊತ್ತು, ಮೈನ್ ಲೈನಲ್ಲಿ ನೀರು ಬರ್ತಾ ಇರುತ್ತೆ, ಗಿಡದ ಬುಡದ ಸಣ್ಣ ತೂತು ಮೊದಲು ನಿಲ್ಲುತ್ತೆ. ಹೃದಯದ ತೊಂದರೆ ಕಾಣಿಸ್ಕೊಳ್ಳೋಕೆ ಎರಡರಿಂದ ಐದು ವರ್ಷ ಮುಂಚೆ ನಿಮಿರುವಿಕೆ ತೊಂದರೆ ಶುರುವಾಗಿರೋದು ಎಷ್ಟೋ ಜನರಲ್ಲಿ ಕಂಡುಬಂದಿದೆ. ಹಾಗಾಗಿ ಇದನ್ನ ಮುಚ್ಚಿಟ್ಕೊಂಡು ರಾತ್ರಿ ಹೊತ್ತು ಬಂದು ಒಂದು ಮಾತ್ರೆ ತಗೊಂಡು ಹೋಗಿ ಸುಮ್ಮನಾದ್ರೆ ದೇಹ ಮುಂಚೆನೇ ಕೊಟ್ಟ ಸೂಚನೆಯನ್ನ ಒರೆಸಿ ಹಾಕಿದಂಗೆ.

ಹೋದ ವರ್ಷ ಒಬ್ರು ಬಂದಿದ್ರು, ಸುಮಾರು 47 ವಯಸ್ಸು, ಕೊಬ್ಬರಿ ವ್ಯಾಪಾರದವರು, ಕೈಯಲ್ಲಿ ಲ್ಯಾಬ್ ರಿಪೋರ್ಟು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟು ಬೆವರಿಗೆ ಒದ್ದೆಯಾಗಿತ್ತು. ಟೋಟಲ್ ಟೆಸ್ಟೋಸ್ಟೆರಾನ್ 284 ಅಂತ ಇತ್ತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಲೋ ಅಂತ. "ನೋಡಿ ಸಾರ್ ಪ್ರಿಂಟಲ್ಲೇ ಬಂದಿದೆ" ಅಂದ್ರು, ಪಾಪ ಮುಖ ಸಣ್ಣಗಾಗಿತ್ತು. ನಾನು ಮೇಲುಗಡೆ ರಕ್ತ ತಗೊಂಡ ಟೈಮ್ ನೋಡ್ದೆ, ಸಂಜೆ 4.40. ಊಟ ಆಗಿತ್ತಾ ಅಂದೆ, ಮದುವೆ ಮನೆ ಊಟ ಮುಗಿಸ್ಕೊಂಡು ಹಾಗೇ ಲ್ಯಾಬ್‌ಗೆ ಹೋಗಿದ್ರಂತೆ. ನಮ್ಮೂರ ಫಿಸಿಷಿಯನ್ ಹತ್ರ ಕಳಿಸ್ದೆ, ಅವ್ರು ಮತ್ತೆ ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೇಲಿ ಮಾಡಿಸಿದ್ರು, 412 ಬಂತು, ಅಂದ್ರೆ ಸರಿಯಾಗೇ ಇತ್ತು. ಜೊತೆಗೆ ಬರೆದ ಎಚ್‌ಬಿಎ1ಸಿ, ಅಂದ್ರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಟೆಸ್ಟು, 9.1. ಸಕ್ಕರೆ ಕಾಯಿಲೆ ಇರೋದೇ ಅವ್ರಿಗೆ ಗೊತ್ತಿರ್ಲಿಲ್ಲ. ಐಸಿಎಂಆರ್‌ದು 2023ರಲ್ಲಿ ಬಂದ ದೊಡ್ಡ ಸಮೀಕ್ಷೆ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೇಲೆ ಡಯಾಬಿಟಿಸ್ ಇರೋರಿದ್ದಾರೆ, ಸಕ್ಕರೆ ಇರೋ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ತೊಂದರೆ ಬರುತ್ತೆ, ಬೇರೆಯವರಿಗಿಂತ ಹತ್ತು ವರ್ಷ ಮುಂಚೆನೇ ಬರುತ್ತೆ, ಯಾಕಂದ್ರೆ ಸಕ್ಕರೆ ನರ, ರಕ್ತನಾಳ ಎರಡನ್ನೂ ಹಾಳು ಮಾಡುತ್ತೆ.

ಅದಕ್ಕೆ ಟೆಸ್ಟ್ ಮಾಡಿಸೋ ಕ್ರಮ ಹೀಗಿರ್ಲಿ. ಮೊದಲು ಬಿಪಿ ನೋಡ್ಸಿ, ಸೊಂಟದ ಸುತ್ತಳತೆ ಟೇಪ್ ಹಿಡಿದು ಅಳೀರಿ, ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಟೆಸ್ಟು) ಮಾಡ್ಸಿ, ಥೈರಾಯ್ಡ್ ಬೇಕಾ ಅಂತ ಡಾಕ್ಟ್ರು ಹೇಳ್ತಾರೆ. ಇದೇ ರಕ್ತದಲ್ಲೇ ಟೋಟಲ್ ಟೆಸ್ಟೋಸ್ಟೆರಾನ್ ಕೂಡ ನೋಡಿಸ್ಬಹುದು, ಎಷ್ಟೋ ಡಾಕ್ಟ್ರು ಒಟ್ಟಿಗೇ ಬರೀತಾರೆ, ತಪ್ಪಲ್ಲ, ಆದ್ರೆ ಅದೊಂದನ್ನೇ ನೋಡಿಸಿ ಮಿಕ್ಕಿದ್ದು ಬಿಡೋದು ತಪ್ಪು.

ಟೆಸ್ಟೋಸ್ಟೆರಾನ್‌ಗೆ ರಕ್ತ ಕೊಡೋಕೆ ರೀತಿ ಇದೆ. ಬೆಳಗ್ಗೆ ಏಳರಿಂದ ಹತ್ತರ ಒಳಗೆ, ಖಾಲಿ ಹೊಟ್ಟೇಲಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಕೊಡ್ಬೇಕು. ಈ ಹಾರ್ಮೋನ್ ಮುಂಜಾನೆ ಏರಿರುತ್ತೆ, ಸಂಜೆಗೆ ಇಳಿಯುತ್ತೆ, ಊಟ ಮಾಡಿದ ಮೇಲೂ ಇಳಿಯುತ್ತೆ. ನೈಟ್ ಶಿಫ್ಟ್ ಮಾಡೋರು ಅದನ್ನ ಡಾಕ್ಟ್ರಿಗೆ ಮೊದಲೇ ಹೇಳಿ. ಜ್ವರ ಬಂದು ಎದ್ದ ವಾರ, ಆಪರೇಷನ್ ಆದ ಹೊಸದರಲ್ಲಿ ಮಾಡಿಸ್ಬೇಡಿ, ಕಮ್ಮಿನೇ ಬರುತ್ತೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ರೆ ಲ್ಯಾಬಲ್ಲಿ ಹೇಳಿ, ಎರಡು ದಿನ ಮುಂಚೆ ನಿಲ್ಸಿ, ಅದು ಕೆಲವು ಮೆಷಿನ್‌ಗಳಲ್ಲಿ ರೀಡಿಂಗ್ ಏರುಪೇರು ಮಾಡುತ್ತೆ. ಒಂದು ಸಲ ಕಮ್ಮಿ ಬಂದ್ರೆ ಅದನ್ನ ನಂಬಬೇಡಿ, ಬೇರೆ ದಿನ ಅದೇ ಲ್ಯಾಬಲ್ಲಿ ಅದೇ ಹೊತ್ತಿಗೆ ಇನ್ನೊಂದು ಸಲ. ಅಮೆರಿಕದ ಯೂರಾಲಜಿ ಸಂಘ 2018ರಲ್ಲಿ ಹಾಕಿರೋ ಗೆರೆ ಡೆಸಿಲೀಟರ್‌ಗೆ 300 ನ್ಯಾನೋಗ್ರಾಂ, ಎರಡು ಸಲ ಬೆಳಗಿನ ಟೆಸ್ಟಲ್ಲೂ ಅದಕ್ಕಿಂತ ಕೆಳಗೆ ಇರ್ಬೇಕು, ಲಕ್ಷಣಾನೂ ಇರ್ಬೇಕು, ಆಗ ಮಾತ್ರ ಕೊರತೆ ಅಂತಾರೆ. ಹೊಟ್ಟೆ ಬಂದಿರೋರಿಗೆ, ಶುಗರ್ ಇರೋರಿಗೆ ಹಾರ್ಮೋನನ್ನ ಹೊತ್ಕೊಂಡು ಓಡಾಡೋ ಪ್ರೋಟೀನ್ ಕಮ್ಮಿ ಇರುತ್ತೆ, ಅದರಿಂದ ಟೋಟಲ್ ಕಮ್ಮಿ ಕಾಣ್ಬಹುದು, ಆಗ ಫ್ರೀ ಟೆಸ್ಟೋಸ್ಟೆರಾನ್, ಅಂದ್ರೆ ಆ ಪ್ರೋಟೀನಿಗೆ ಅಂಟ್ಕೊಳ್ಳದೆ ಬಿಡಿಯಾಗಿರೋದು, ಅದರ ಲೆಕ್ಕ ಹಾಕಿಸ್ತಾರೆ. ನಿಜವಾಗ್ಲೂ ಕಮ್ಮಿ ಇದ್ರೆ ಮುಂದೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನೋ ಬೇರೆ ಎರಡು ಹಾರ್ಮೋನ್ ಟೆಸ್ಟ್ ಬರೀತಾರೆ, ಬೇಡ ಅನ್ಬೇಡಿ, ತೊಂದರೆ ವೃಷಣದಲ್ಲೋ ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಲ್ಲೋ ಅಂತ ಗೊತ್ತಾಗೋದು ಅದರಿಂದಲೇ.

ಕೊರತೆ ಖಾತ್ರಿ ಆಯ್ತು ಅಂದ್ರೆ ಟ್ರೀಟ್‌ಮೆಂಟ್ ಇದೆ, ಇಂಜೆಕ್ಷನ್ ಇದೆ, ಜೆಲ್ ಇದೆ, ಆಸೆ ವಾಪಸ್ ಬರುತ್ತೆ, ನಿಮಿರುವಿಕೆ ಸ್ವಲ್ಪ ಸುಧಾರಿಸುತ್ತೆ. ಇನ್ನೂ ಮಗು ಬೇಕು ಅನ್ನೋರು ಮಾತ್ರ ಇದನ್ನ ಡಾಕ್ಟ್ರಿಗೆ ಹೇಳದೆ ತಗೊಳ್ಲೇಬೇಡಿ. ಹೊರಗಿಂದ ಟೆಸ್ಟೋಸ್ಟೆರಾನ್ ಕೊಟ್ರೆ ಮೆದುಳು ಸಾಕು ಅಂತ ಒಳಗಿನ ತಯಾರಿ ನಿಲ್ಸುತ್ತೆ, ವೀರ್ಯಾಣು ಕಮ್ಮಿ ಆಗುತ್ತೆ, ಕೆಲವರಿಗೆ ಪೂರ್ತಿ ಸೊನ್ನೆ. ಎರಡನೇ ಮದುವೆ ಆಗಿರೋರು, ತಡವಾಗಿ ಮದುವೆ ಆದೋರು ನಮ್ ಕಡೆ ಎಷ್ಟೋ ಜನ ಇದ್ದಾರೆ, "ಶಕ್ತಿ ಬಂದ್ರೆ ಮಗು ಆಗುತ್ತೆ" ಅಂದ್ಕೊಂಡು ಇದನ್ನ ಕೇಳ್ತಾರೆ, ಆಗೋದು ಪೂರ್ತಿ ಉಲ್ಟಾ. ಪ್ರಾಸ್ಟೇಟ್ ಕ್ಯಾನ್ಸರ್ ಇರೋರಿಗೆ, ರಕ್ತ ಗಟ್ಟಿ ಇರೋರಿಗೆ ಸಾಮಾನ್ಯವಾಗಿ ಕೊಡಲ್ಲ. ತಗೊಳ್ಳೋರು ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ) ಮತ್ತೆ ಹೆಮಟೋಕ್ರಿಟ್ (ರಕ್ತ ಎಷ್ಟು ಗಟ್ಟಿ ಇದೆ ಅನ್ನೋ ಪರೀಕ್ಷೆ) ಆಗಾಗ ನೋಡಿಸ್ಬೇಕು, ಹೆಮಟೋಕ್ರಿಟ್ 54 ದಾಟಿದ್ರೆ ಡೋಸ್ ಕಮ್ಮಿ ಮಾಡ್ತಾರೆ ಇಲ್ಲ ನಿಲ್ಲಿಸ್ತಾರೆ. ಹಾರ್ಟ್‌ಗೆ ಏನಾದ್ರೂ ಆಗುತ್ತಾ ಅನ್ನೋ ಭಯ ಬಹಳ ವರ್ಷ ಇತ್ತು, ಕೊರತೆ ಇರೋ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿ 2023ರಲ್ಲಿ ಬಂದ ಟ್ರಯಲ್‌ನಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿ ಆಗ್ಲಿಲ್ಲ, ಆದ್ರೆ ಎದೆಬಡಿತದ ಏರುಪೇರು, ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಜಾಸ್ತಿ ಕಂಡಿದೆ. ಅಂದ್ರೆ ಡಾಕ್ಟ್ರ ಕಣ್ಣೆದುರು ತಗೊಳ್ಳೋ ಔಷಧಿ, ಜಿಮ್ ಹುಡುಗರ ಹತ್ರ ಸಿಗೋ ವಯಲ್ ಚುಚ್ಚಿಸ್ಕೊಳ್ಳೋ ಔಷಧಿ ಅಲ್ಲ.

ಇನ್ನು ಮಾತ್ರೆ ವಿಷಯ. ಸಿಲ್ಡೆನಾಫಿಲ್, 1998ರಲ್ಲಿ ಅಮೆರಿಕದಲ್ಲಿ ವಯಾಗ್ರಾ ಅಂತ ಮೊದಲು ಬಂದಿದ್ದು ಇದೇ, ಆಮೇಲೆ ಟಡಾಲಫಿಲ್. ಒಳ್ಳೇ ಔಷಧಿಗಳು, ಸರಿಯಾದವರು ಸರಿಯಾಗಿ ತಗೊಂಡ್ರೆ ಬಹಳ ಜನಕ್ಕೆ ಕೆಲಸ ಮಾಡ್ತವೆ, ಆದ್ರೆ ಡಾಕ್ಟ್ರ ಚೀಟಿ ಬೇಕೇ ಬೇಕು, ಚೀಟಿ ಇಲ್ದೆ ನಾನು ಕೊಡಲ್ಲ. ಯಾಕೆ ಅಂತ ಹೇಳ್ತೀನಿ. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಕೊಳ್ಳೋ ಸಾರ್ಬಿಟ್ರೇಟ್ ಇದ್ಯಲ್ಲ, ಆ ಜಾತಿಯ ನೈಟ್ರೇಟ್ ಮಾತ್ರೆ ಯಾವುದನ್ನೇ ತಗೋತಿರೋರು, ನಿಕೊರಾಂಡಿಲ್ ತಗೋತಿರೋರು ಈ ಸಿಲ್ಡೆನಾಫಿಲ್, ಟಡಾಲಫಿಲ್ ಎರಡನ್ನೂ ಮುಟ್ಟಲೇಬಾರದು. ಆ ಮಾತ್ರೆ ಈ ಮಾತ್ರೆ ಸೇರಿದ್ರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗ್ಬಹುದು. ಒಬ್ರು ನಿವೃತ್ತ ಮೇಷ್ಟ್ರು ಪ್ರತಿ ತಿಂಗಳು ಹಾರ್ಟ್ ಮಾತ್ರೆ ತಗೊಳ್ಳೋಕೆ ಮಗನ್ನ ಕಳಿಸೋರು, ಒಂದಿನ ರಾತ್ರಿ ಅವ್ರೇ ಬಂದು ಸಿಲ್ಡೆನಾಫಿಲ್ ಕೇಳಿದ್ರು, ಅವ್ರ ಹಳೇ ಬಿಲ್ಲಲ್ಲಿ ಐಸೋಸಾರ್ಬೈಡ್, ಅದೂ ನೈಟ್ರೇಟೇ, ಇರೋದು ನಂಗೆ ಗೊತ್ತಿತ್ತು, ಗೊತ್ತಿಲ್ದಿರೋ ಬೇರೆ ಅಂಗಡಿಗೆ ಹೋಗಿದ್ರೆ ಏನ್ ಗತಿ ಅಂತ ಈಗ್ಲೂ ನೆನಪಾಗುತ್ತೆ. ಮಾತ್ರೆ ತಗೊಂಡಿದ್ದಾಗ ಎದೆನೋವು ಬಂದ್ರೆ ನಾಚಿಕೆ ಪಡದೆ 108ರವರಿಗೆ, ಡಾಕ್ಟ್ರಿಗೆ ಮೊದಲು ಇದನ್ನೇ ಹೇಳಿ, ಸಿಲ್ಡೆನಾಫಿಲ್ ಆದ್ರೆ 24 ಗಂಟೆ, ಟಡಾಲಫಿಲ್ ಆದ್ರೆ 48 ಗಂಟೆ ನೈಟ್ರೇಟ್ ಕೊಡೋಹಾಗಿಲ್ಲ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತಗೊಳ್ಳೋರೂ ಹೇಳ್ಬೇಕು, ಎದ್ದು ನಿಂತಾಗ ತಲೆ ಸುತ್ತುತ್ತೆ.

ಚೀಟಿ ಇದ್ದು ತಗೊಂಡೋರೇ "ಕೆಲಸ ಮಾಡ್ಲಿಲ್ಲ" ಅಂತ ವಾಪಸ್ ಬರ್ತಾರೆ, ಕೇಳಿದ್ರೆ ಬಿರಿಯಾನಿ ತಿಂದು ಮೇಲೆ ಸಿಲ್ಡೆನಾಫಿಲ್ ನುಂಗಿರ್ತಾರೆ. ಎಣ್ಣೆ ಕೊಬ್ಬಿನ ಊಟ ಆದ್ಮೇಲೆ ಅದು ಲೇಟಾಗಿ, ಕಮ್ಮಿಯಾಗಿ ಹಿಡಿಯುತ್ತೆ. ಹೊಟ್ಟೆ ಹಗುರ ಇದ್ದಾಗ, ಒಂದು ಗಂಟೆ ಮುಂಚೆ ತಗೊಳಿ. ಟಡಾಲಫಿಲ್‌ಗೆ ಊಟದ ಅಡ್ಡಿ ಇಲ್ಲ, 36 ಗಂಟೆ ತನಕ ಪರಿಣಾಮ ಇರುತ್ತೆ. ಮಾತ್ರೆ ನುಂಗಿ ಟಿವಿ ನೋಡ್ತಾ ಕೂತ್ರೆ ತಾನಾಗೇ ಏನೂ ಆಗಲ್ಲ, ಆಸೆ, ಸ್ಪರ್ಶ ಬೇಕು, ಆಗ ರಕ್ತ ತುಂಬ್ಕೊಂಡು ನಿಲ್ಲೋಕೆ ಮಾತ್ರೆ ಸಹಾಯ ಮಾಡುತ್ತೆ ಅಷ್ಟೇ. ಒಂದೇ ಸಲಕ್ಕೆ ಬಿಟ್ಟುಬಿಡ್ಬೇಡಿ, ಡಾಕ್ಟ್ರು ಹೇಳಿದ ಡೋಸಲ್ಲಿ ಐದಾರು ಸಲ ನೋಡಿ ಆಮೇಲೆ ಹೋಗಿ ಹೇಳಿ. ತಲೆನೋವು, ಮುಖ ಕೆಂಪಾಗೋದು, ಮೂಗು ಕಟ್ಟೋದು ಮಾಮೂಲು. ನಾಲ್ಕು ಗಂಟೆ ಆದ್ರೂ ಇಳೀಲಿಲ್ಲ ಅಂದ್ರೆ, ಅಥವಾ ಇದ್ದಕ್ಕಿದ್ದಂಗೆ ಕಣ್ಣು ಮಂಜಾದ್ರೆ ಆಸ್ಪತ್ರೆಗೆ ಓಡ್ಬೇಕು, ಬೆಳಗಾಗ್ಲಿ ಅಂತ ಕಾಯೋ ವಿಷಯ ಅಲ್ಲ.

ಈಗಾಗ್ಲೇ ನುಂಗ್ತಿರೋ ಮಾತ್ರೆಗಳನ್ನೂ ನೋಡ್ಬೇಕು. ಬಿಪಿಗೆ ಕೊಡೋ ಅಟೆನೊಲಾಲ್, ಕ್ಲೋರ್‌ಥಾಲಿಡೋನ್, ಮನಸ್ಸಿನ ಬೇಜಾರಿಗೆ ಕೊಡೋ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಕೂದಲಿಗೆ ಪ್ರಾಸ್ಟೇಟ್‌ಗೆ ಕೊಡೋ ಫಿನಾಸ್ಟರೈಡ್, ನೋವಿಗೆ ಅಂತ ತಿಂಗಳುಗಟ್ಟಲೆ ತಗೊಳ್ಳೋ ಟ್ರಮಡಾಲ್, ಇವೆಲ್ಲಾ ಕೆಲವರಿಗೆ ಈ ತೊಂದರೆ ಕೊಡ್ತವೆ. ಓದಿದ ತಕ್ಷಣ ನೀವೇ ನಿಲ್ಲಿಸ್ಬೇಡಿ, ಬಿಪಿ ಮಾತ್ರೆ ಬಿಟ್ಟು ಸ್ಟ್ರೋಕ್ ಮಾಡ್ಕೊಂಡ್ರೆ ಯಾರಿಗೆ ಲಾಭ. ಎಲ್ಲಾ ಸ್ಟ್ರಿಪ್ಪನ್ನೂ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ಡಾಕ್ಟ್ರ ಮುಂದೆ ಇಡಿ, ಬದಲಿ ಇದೆ.

ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಗುಪ್ತರೋಗ, ನರದೌರ್ಬಲ್ಯ ಅಂತ ಪೋಸ್ಟರ್, ರಸ್ತೆ ಬದಿ ಟೆಂಟ್ ಹಾಕಿ ಬೇರು ಭಸ್ಮ ಮಾರೋರು, ಇವ್ರ ಹತ್ರ ಹೋಗಿ ಮನೆ ಒಡವೆ ಅಡ ಇಟ್ಟೋರನ್ನ ನಾನು ಕಣ್ಣಾರೆ ನೋಡಿದೀನಿ. ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿ ಜಾಹೀರಾತು ಕೊಡೋದೇ 1954ರ ಕಾಯ್ದೆ ಪ್ರಕಾರ ಅಪರಾಧ, ಎಪ್ಪತ್ತು ವರ್ಷ ಆಯ್ತು, ಪೋಸ್ಟರ್ ಹಾಗೇ ಇದೆ. ಪುಡಿ "ಕೆಲಸ ಮಾಡ್ತು" ಅಂದ್ರೂ ಹುಷಾರು, ಗಿಡಮೂಲಿಕೆ ಅಂತ ಮಾರೋ ಪುಡಿಗಳಲ್ಲಿ ಸಿಲ್ಡೆನಾಫಿಲ್ಲೇ ಬೆರೆಸಿರೋದು ಲ್ಯಾಬ್ ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ, ಎಷ್ಟು ಮಿಲಿಗ್ರಾಂ ಅಂತ ಮಾರೋನಿಗೂ ಗೊತ್ತಿರಲ್ಲ, ಹಾರ್ಟ್ ಮಾತ್ರೆ ತಗೊಳ್ಳೋರಿಗೆ ಅದೇ ವಿಷ. ಚಿಕ್ಕಂದಿನಲ್ಲಿ ಕೈಯಿಂದ ಮಾಡ್ಕೊಂಡಿದ್ದಕ್ಕೆ ಹೀಗಾಯ್ತು, ಧಾತು ಹೋಯ್ತು ಅಂತ ಹೆದರಿಸಿ ದುಡ್ಡು ಕೀಳ್ತಾರೆ, ಹಾಗೆಲ್ಲಾ ಏನೂ ಇಲ್ಲ, ಅದರಿಂದ ಈ ತೊಂದರೆ ಬರಲ್ಲ.

ಮನೇಲಿ ಮಾಡ್ಬಹುದಾದ್ದು ಏನು ಅಂದ್ರೆ ಮೊದಲನೇದು ಬೀಡಿ ಸಿಗರೇಟು ಗುಟ್ಕಾ, ನಿಕೋಟಿನ್ ರಕ್ತನಾಳ ಬಿಗಿ ಹಿಡಿಯುತ್ತೆ, ಇದನ್ನ ಬಿಡದೆ ಬೇರೆ ಏನ್ ಮಾಡಿದ್ರೂ ಅರ್ಧ ಫಲ. ಆಮೇಲೆ ಹೊಟ್ಟೆ. ಇಟಲಿಯಲ್ಲಿ 110 ಜನ ದಪ್ಪ ಗಂಡಸರನ್ನ ಎರಡು ವರ್ಷ ನೋಡಿ 2004ರಲ್ಲಿ ಪ್ರಕಟ ಮಾಡಿದ್ರು, ಊಟ ವ್ಯಾಯಾಮ ಸರಿ ಮಾಡ್ಕೊಂಡು ತೂಕ ಇಳಿಸಿದ ಗುಂಪಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆ ಇಲ್ದೇನೇ ಸರಿಹೋಯ್ತು. ತೂಕ ಇಳಿದ್ರೆ ಟೆಸ್ಟೋಸ್ಟೆರಾನ್ ಕೂಡ ತಾನಾಗೇ ಸ್ವಲ್ಪ ಏರುತ್ತೆ. ದಿನಾ ಅರ್ಧ ಮುಕ್ಕಾಲು ಗಂಟೆ ಮೈ ಬೆವರೋ ಹಂಗೆ ನಡೀರಿ, ಮುದ್ದೆ ಒಳ್ಳೇದು ಅಂತ ಎರಡು ಮುದ್ದೆ ಮೇಲೆ ಅನ್ನ ಬೇಡ, ಕಾಳು ಸೊಪ್ಪು ಜಾಸ್ತಿ ಮಾಡಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂಗಾಗುತ್ತೆ ಅಂತ ಮನೆಯವರು ಹೇಳಿದ್ರೆ ಅದನ್ನೂ ತೋರಿಸ್ಬೇಕು. ಇನ್ನೊಂದು ಸುಲಭದ ವ್ಯಾಯಾಮ ಇದೆ, ಮೂತ್ರ ತಡೆಯೋಕೆ ಬಿಗಿ ಹಿಡೀತೀವಲ್ಲ, ಆ ಸ್ನಾಯುವನ್ನ ಕೂತಲ್ಲೇ ಹತ್ತು ಎಣಿಸೋ ತನಕ ಬಿಗಿ ಹಿಡಿದು ಬಿಡೋದು, ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ. ಬ್ರಿಟನ್‌ನಲ್ಲಿ 55 ಜನರ ಮೇಲೆ ನೋಡಿದಾಗ ಆರು ತಿಂಗಳಲ್ಲಿ ನೂರಕ್ಕೆ 40 ಜನ ಪೂರ್ತಿ ಮೊದಲಿನಂಗಾದ್ರು.

ಹೆಂಡ್ತಿಗೆ ಹೇಳಿ. ಒಬ್ರು ಅಕ್ಕ ನನ್ ಅಂಗಡೀಲಿ ಗಂಡನ ಬಿಪಿ ಮಾತ್ರೆ ತಗೊಳ್ತಾ ತಲೆ ತಗ್ಗಿಸ್ಕೊಂಡು "ಇವ್ರು ಒಂದು ವರ್ಷದಿಂದ ರೂಮ್ ಬಿಟ್ಟು ಹಾಲ್‌ನಲ್ಲೇ ಮಲಗ್ತಾರೆ, ಬೇರೆ ಯಾರಾದ್ರೂ ಇದ್ದಾರೇನೋ" ಅಂದಿದ್ರು. ಆ ಗಂಡನ ತೊಂದರೆ ಏನು ಅಂತ ನಂಗೆ ಗೊತ್ತಿತ್ತು, ಹೇಳೋಹಾಗಿರ್ಲಿಲ್ಲ. ನೀವು ಬಾಯಿ ಬಿಡ್ಲಿಲ್ಲ ಅಂದ್ರೆ ಅವ್ರು ತಮ್ಮಲ್ಲೇ ಏನೋ ಕೊರತೆ ಅಂದ್ಕೊಳ್ತಾರೆ. "ನಂಗೆ ನಿನ್ ಮೇಲೆ ಪ್ರೀತಿ ಕಮ್ಮಿ ಆಗಿಲ್ಲ, ಮೈಯಲ್ಲಿ ಏನೋ ತೊಂದರೆ, ತೋರಿಸ್ತೀನಿ" ಅಷ್ಟು ಹೇಳಿದ್ರೆ ಸಾಕು. ಮನಸ್ಸು ತೀರಾ ಕುಗ್ಗಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ, ಸರ್ಕಾರದ್ದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಯಾವ ಡಾಕ್ಟ್ರು ಅಂದ್ರೆ ಮೊದಲು ನಿಮ್ಮೂರ ಎಂಡಿ ಫಿಸಿಷಿಯನ್ನೇ ಸಾಕು, ಬೇಕಾದ್ರೆ ಅವ್ರೇ ಯೂರಾಲಜಿಸ್ಟ್ (ಮೂತ್ರಾಂಗದ ಡಾಕ್ಟ್ರು), ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟ್ರು) ಹತ್ರ ಬರೆದುಕೊಡ್ತಾರೆ. ಬೆಂಗಳೂರಲ್ಲಿ ವಿಕ್ಟೋರಿಯಾ ಆವರಣದಲ್ಲೇ ನೆಫ್ರೋ ಯೂರಾಲಜಿ ಸಂಸ್ಥೆ ಇದೆ, ಸರ್ಕಾರಿ. ರಿಸೆಪ್ಷನ್‌ನಲ್ಲಿ ಹುಡುಗಿ ಕೂತಿರ್ತಾಳೆ ಏನ್ ಹೇಳೋದು ಅಂತ ವಾಪಸ್ ಬಂದೋರಿದ್ದಾರೆ, ಅಲ್ಲಿ ಬಿಪಿ ಶುಗರ್ ಚೆಕಪ್ ಅಂತ ಬರೆಸಿ ಸಾಕು. ಒಳಗೆ ಹೋದ್ಮೇಲೆ ಬಾಯಿ ಬರಲ್ಲ ಅಂದ್ರೆ ಮನೆಯಿಂದಲೇ ಚೀಟಿ ಬರ್ಕೊಂಡು ಹೋಗಿ ಮುಂದೆ ಇಡಿ, "ಸಾರ್, ಎಂಟು ತಿಂಗಳಿಂದ ನಿಮಿರುವಿಕೆ ಸರಿಯಾಗಿ ಆಗ್ತಿಲ್ಲ, ಬೆಳಗ್ಗೆನೂ ಆಗಲ್ಲ, ಆಸೆ ಇದೆ, ಸಿಗರೇಟ್ ದಿನಕ್ಕೆ ಐದು, ಈ ಮಾತ್ರೆಗಳನ್ನ ತಗೋತಿದೀನಿ" ಅಂತ. ಲೇಡಿ ಡಾಕ್ಟ್ರಿದ್ರೂ ಪರವಾಗಿಲ್ಲ, ಅವ್ರು ದಿನಾ ನೋಡೋ ಕೇಸೇ ಇದು. ಬೆಳಗ್ಗೆ ತಿಂಡಿ ತಿನ್ನದೆ ಹೋಗಿ, ರಕ್ತ ಅಲ್ಲೇ ಕೊಟ್ಟು ಬರ್ಬಹುದು.